ಮಣ್ಣುಹಾದಿಯ ಮೊದಲ ಬೈಕು: ನರಸೀಪುರದಿಂದ ನಂಜನಗೂಡಿಗೆ

ತಿರುಮಕೂಡಲು ನರಸೀಪುರವೆಂದೊಡನೆ ಭಕ್ತರ ಕಣ್ಣಮುಂದೆ ನಿಲ್ಲುವುದು ಕಾವೇರಿ, ಕಪಿಲೆಯರ ಸಂಗಮ. ಗುಪ್ತಗಾಮಿನಿಯಾದ ಸ್ಫಟಿಕ ಸರೋವರವನ್ನೂ ಸೇರಿಸಿ ಹಿರಿಯರು ಇದನ್ನು ತ್ರಿವೇಣಿಯೆಂದು ಕರೆದಿದ್ದಾರೆ. ಅಗಸ್ತ್ಯೇಶ್ವರ, ಗುಂಜಾ ನರಸಿಂಹರ ಸನ್ನಿಧಿಗಳೂ, 1989ರಲ್ಲಿ ಆರಂಭವಾದ ಕುಂಭಮೇಳವೂ ಈ ಸ್ಥಳವನ್ನು ನಾಡಿಗೆಲ್ಲ ಪರಿಚಯಿಸಿವೆ. ಇಲ್ಲಿಂದ ಕಾವೇರಿಯ ಹರಿವಿನೊಡನೆ ಕೆಳಗಿಳಿದರೆ ಮುಡುಕುತೊರೆ, ತಲಕಾಡು. ಕಪಿಲೆಯ ದಡ ಹಿಡಿದು ಮೇಲೇರಿದರೆ ಸುತ್ತೂರು ಶ್ರೀಕ್ಷೇತ್ರ, ಅದರಾಚೆ ನಂಜನಗೂಡು. ಈ ಊರುಗಳನ್ನು ಕೂಡಿಸುವ ಡಾಂಬರು ರಸ್ತೆ ಎಲ್ಲರಿಗೂ ಗೊತ್ತು. ಆ ರಸ್ತೆಯ ಬಗಲಲ್ಲೇ ನಾಲೆಯ ಏರಿ, ಕಬ್ಬಿನ ಗದ್ದೆಗಳ ನಡುವಿನ ಬಂಡಿಜಾಡು, ಹೊಳೆಗಿಳಿಯುವ ಓಣಿ ಎಂಬ ಇನ್ನೊಂದು ಲೋಕವಿದೆ. ನಾವು ಈ ಸಲ ನೋಡಹೋದದ್ದು ಅದನ್ನು.

ಕಾರಣವನ್ನು ಕೇಳಿದರೆ ಓದುಗರು ಅಚ್ಚರಿಪಡಬಹುದು. ಕಪಿಲೆಯ ದಡದಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಹತ್ತೊಂಬತ್ತು ವರ್ಷದ ಮೊಮ್ಮಗನಿದ್ದಾನೆ. ಅವನಿಗೆ ಡರ್ಟ್ ಬೈಕು ಬೇಕು. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರಾದದ್ದು, ಅದೇ ಊರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮಹಿಳೆಯರ ವಿಶ್ವಕಪ್ ಗೆದ್ದದ್ದು ಅವನ ನಾಲಗೆಯ ಮೇಲಿದೆ. ಅವನ ತಂದೆಗೆ ನೆನಪಿರುವುದು ಬೇರೆಯದೇ: 2021ರ ಡಕಾರ್‌ನಲ್ಲಿ ಅದೇ ಸಂತೋಷ್ ಬಿದ್ದು, ಪ್ರಜ್ಞೆಯಿಲ್ಲದೆ ಸೌದಿ ಅರೇಬಿಯಾದ ಆಸ್ಪತ್ರೆಯಲ್ಲಿ ಮಲಗಿದ ಸುದ್ದಿ. ಪಕ್ಕದ ಬೀದಿಯ ಯುವಕನೊಬ್ಬ ಭಾರಿ ಬೈಕು ಕೊಂಡ ಹತ್ತನೆಯ ದಿನವೇ ನಾಲೆಯ ಏರಿಯಿಂದ ಉರುಳಿ ಕಾಲು ಮುರಿದುಕೊಂಡದ್ದೂ ಆ ಮನೆಯಲ್ಲಿ ದಿನವೂ ಚರ್ಚೆಯಾಗುತ್ತಿತ್ತು. ತಂದೆ ಮಗ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವುದನ್ನೂ ಬಿಟ್ಟಿದ್ದರು. "ಮಾವನವರೇ, ನೀವೊಂದು ಮಾತು ಹೇಳಿ, ನಿಮ್ಮ ಮಾತನ್ನಾದರೂ ಕೇಳಿಯಾನು" ಎಂದು ತಂದೆ. "ತಾತ, ನೀವೇ ಬಂದು ಹಾದಿ ನೋಡಿ, ಆಮೇಲೆ ಹೇಳಿ" ಎಂದು ಮಗ. ನ್ಯಾಯ ಹೇಳುವವನು ಮೊದಲು ಸ್ಥಳ ನೋಡಬೇಕೆಂಬುದು ಮಠದಲ್ಲಿ ಕಲಿತ ಪಾಠವಾದ್ದರಿಂದ ನಾವು ಹೊರಟೆವು.

ಈ ಸೀಮೆಯ ಜನರಿಗೆ ವಾಹನವನ್ನು ಆರಿಸುವ ವಿದ್ಯೆ ಹೊಸದಲ್ಲ. ಮುಡುಕುತೊರೆ ಬೆಟ್ಟದ ಮಲ್ಲಿಕಾರ್ಜುನಸ್ವಾಮಿಯ ಜಾತ್ರೆಯಲ್ಲಿ ಸೇರುವ ದನಗಳ ಪರಿಷೆಯನ್ನು ನೋಡಿದವರು ಇದನ್ನು ಬಲ್ಲರು. ಎತ್ತು ಕೊಳ್ಳಲು ಬಂದ ರೈತ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ದಲ್ಲಾಳಿಯ ಟವೆಲಿನಡಿ ಬೆರಳು ಹಿಡಿಯುವುದು ಆಮೇಲಿನ ಮಾತು. ಮೊದಲ ಸಲ ನೊಗ ಹೂಡುವ ಹುಡುಗನಿಗೆ ಜಾತ್ರೆಯಲ್ಲೇ ಎತ್ತರವಾದ, ಸೊಕ್ಕಿದ ಹೋರಿಯನ್ನು ಕೊಡಿಸುವ ತಂದೆ ಈ ಸೀಮೆಯಲ್ಲಿಲ್ಲ. ಪಳಗಿದ, ಮಾತು ಕೇಳುವ ಎತ್ತನ್ನೇ ಕೊಡಿಸುತ್ತಾನೆ. ಬೈಕಿನ ಅಂಗಡಿಗೆ ಹೋದಾಗ ಮಾತ್ರ ಈ ವಿವೇಕ ಹೊಸಿಲಾಚೆಯೇ ಉಳಿದುಬಿಡುತ್ತದೆ. ಅಲ್ಲಿ ಸಿ.ಸಿ. ಎಷ್ಟು ಎಂಬುದೊಂದೇ ಪ್ರಶ್ನೆ.

ಮೈಸೂರು ಸೀಮೆಗೂ ಮೋಟಾರುಸೈಕಲ್ಲಿಗೂ ಹಳೆಯ ನಂಟು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಶ್ರೀ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿಗಳು 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಹಳ್ಳಿಹಳ್ಳಿಯ ಹಾದಿ ತುಳಿದವು. ಕಿಕ್ಕಿನ ಕಡ್ಡಿಯನ್ನೇ ಮಡಿಸಿ ಗೇರಾಗಿ ಬಳಸುವ ಅವುಗಳ ಚಮತ್ಕಾರ ನಮ್ಮ ವಯಸ್ಸಿನವರಿಗೆಲ್ಲ ನೆನಪಿದೆ. ಹಿಂದೆ ಹಸಿಹುಲ್ಲಿನ ಹೊರೆ ಕಟ್ಟಿಕೊಂಡು ಗದ್ದೆಯ ಬದುವಿನ ಮೇಲೆ ಸಾಗುತ್ತಿದ್ದ ಆ ಬೈಕುಗಳನ್ನು ಯಾರೂ ಡರ್ಟ್ ಬೈಕೆಂದು ಕರೆಯಲಿಲ್ಲ. ಯೆಜ್ಡಿಯ ಹೆಸರು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿದೆ. ಆದರೆ ಹೆಸರೊಂದೇ ಎಂದ ಮಾತ್ರಕ್ಕೆ ಹೊಸ ಅಡ್ವೆಂಚರ್ ಬೈಕು ಹಳೆಯ ರೋಡ್‌ಕಿಂಗ್ ಆಗದು.

ಹುಡುಗ ಮನಸ್ಸಿನಲ್ಲಿ ಇಟ್ಟುಕೊಂಡಿದ್ದುದು ಹಿಮಾಲಯನ್ 450. 2023ರಲ್ಲಿ ಬಂದ ಈ ಬೈಕು ಒಳ್ಳೆಯದೇ, ದೂರ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು. ಆದರೆ ತೂಕ 196 ಕಿಲೋ. ಅವನ ಗೆಳೆಯನೊಬ್ಬ ಅಂಥದನ್ನು ತಂದಿದ್ದ. ಕೊಯ್ಲಾದ ಗದ್ದೆಯಲ್ಲಿ ಅದನ್ನು ಮೆಲ್ಲಗೆ ನೆಲಕ್ಕೊರಗಿಸಿ, "ಒಬ್ಬನೇ ಎತ್ತಪ್ಪ" ಎಂದೆವು. ಮೊದಲ ಸಲ ಹೇಗೋ ಎತ್ತಿದ. ಎರಡನೆಯ ಸಲ ಬೆವರಿದ. ಮೂರನೆಯ ಸಲಕ್ಕೆ ಅವನ ತಂದೆಯೇ ಕೈಕೊಡಬೇಕಾಯಿತು. ಮಣ್ಣುಹಾದಿಯಲ್ಲಿ ಹೊಸಬ ದಿನಕ್ಕೆ ಹತ್ತು ಸಲ ಬೀಳುತ್ತಾನೆ. ಹತ್ತು ಸಲವೂ ಏಳಬೇಕು, ಏಳಿಸಲೂ ಬೇಕು. ಸಾಮರ್ಥ್ಯವನ್ನು ಅಳೆಯುವ ಇದಕ್ಕಿಂತ ಸರಳವಾದ ತಕ್ಕಡಿ ನಮಗೆ ತೋರಲಿಲ್ಲ.

ತೂಕದಷ್ಟೇ ಮುಖ್ಯ ಸೀಟಿನ ಎತ್ತರ. ಕೂತಾಗ ಎರಡೂ ಪಾದಗಳ ಮುಂಭಾಗವಾದರೂ ನೆಲ ಮುಟ್ಟಬೇಕು. 2024ರ ಡಿಸೆಂಬರಿನಲ್ಲಿ ನಮ್ಮ ದೇಶಕ್ಕೆ ಬಂದ ಕವಾಸಾಕಿ ಕೆಎಲ್‌ಎಕ್ಸ್ 230 ಹಗುರ, 139 ಕಿಲೋ; ಆದರೆ ಸೀಟು 880 ಮಿ.ಮೀ. ಎತ್ತರದಲ್ಲಿದೆ, ನಮ್ಮ ಹುಡುಗನ ನಿಲುವಿಗೆ ಅದು ಕುದುರೆಯೇ. 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200 ಸುಮಾರು 155 ಕಿಲೋ, ಸೀಟು ಸುಮಾರು 825 ಮಿ.ಮೀ. ನೆಲಕ್ಕೂ ಎಂಜಿನ್ನಿನ ತಳಕ್ಕೂ ನಡುವೆ 220 ಮಿ.ಮೀ. ತೆರಪಿರುವುದರಿಂದ ಬಂಡಿಜಾಡಿನ ನಡುದಿಬ್ಬ ತಾಗುವುದಿಲ್ಲ. ಮುಂಗಾಲಿ 21 ಅಂಗುಲದ್ದಾಗಿ ಕಲ್ಲು, ಗುಂಡಿಗಳನ್ನು ಹತ್ತಿಳಿಯುತ್ತದೆ. ಗಾಲಿಗಳು ಕಡ್ಡಿಯವು, ಎರಕದ ಗಾಲಿ ಪೆಟ್ಟು ತಿಂದರೆ ಸೀಳುತ್ತದೆ, ಕಡ್ಡಿಯ ಗಾಲಿ ಸೊಟ್ಟಾದರೂ ಮಿಸ್ತ್ರಿ ನೇರ ಮಾಡಿಕೊಡುತ್ತಾನೆ. ಇದರ ಹಿಂದಿನ ತಲೆಮಾರಿನ ಇಂಪಲ್ಸ್ ಬೈಕನ್ನು ಅದೇ ಕಂಪನಿ 2011ರಲ್ಲಿ ತಂದಿತ್ತು, 150 ಸಿ.ಸಿ.ಯದು, ಈಗ ತಯಾರಿಲ್ಲ, ಹಳೆಯದು ಸಿಕ್ಕರೆ ಕಲಿಕೆಗೆ ಸಾಕು.

ಇಲ್ಲೊಂದು ಎಚ್ಚರಿಕೆ. ಹೆಸರುಗಳು ಒಂದರ ಹಾಗೆ ಒಂದು ಇರುತ್ತವೆ. ಕೆಎಲ್‌ಎಕ್ಸ್ 230 ರಸ್ತೆಗೆ ಬರಬಹುದಾದ ಬೈಕು; ಕೆಎಕ್ಸ್ ಎಂಬುದು ಸ್ಪರ್ಧೆಯ ಬೈಕು. ದೀಪವಿಲ್ಲದ ಇಂಥ ಬೈಕುಗಳಿಗೆ ಆರ್.ಟಿ.ಓ. ಕಚೇರಿಯಲ್ಲಿ ನೋಂದಣಿಯಾಗದು. ಮುಚ್ಚಿದ ಟ್ರ್ಯಾಕಿಗೆ ವಾಹನದಲ್ಲಿ ಹೊತ್ತೊಯ್ದು ಅಲ್ಲಿಯೇ ಓಡಿಸಬೇಕು; ನಾಲೆಯ ಏರಿಯಾದರೂ ಸರ್ಕಾರದ ಹಾದಿಯೇ. ಹದಿನೆಂಟು ತುಂಬದ ಮಕ್ಕಳ ಕೈಗೆ ಗೇರಿನ ಬೈಕು ಕೊಡುವ ತಾಯಿತಂದೆಯರೂ ತಿಳಿದಿರಬೇಕು: 2019ರ ತಿದ್ದುಪಡಿಯ ಪ್ರಕಾರ ಮಕ್ಕಳು ತಪ್ಪು ಮಾಡಿದರೆ ಪೋಷಕರಿಗೇ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ.

ಬಳಸಿದ ಬೈಕನ್ನು ಕೊಳ್ಳುವುದೇ ಹೊಸಬನಿಗೆ ಮೇಲೆಂಬುದು ನಮ್ಮ ಅಭಿಪ್ರಾಯ. ಹೊಸದು ಬಿದ್ದರೆ ಮನಸ್ಸಿಗೂ ಗೀರು ಬೀಳುತ್ತದೆ. ಕೊಳ್ಳುವಾಗ ಚಾಸಿಯ ಸಂಖ್ಯೆಯನ್ನು ಆರ್.ಸಿ.ಯೊಡನೆ ತಾಳೆ ನೋಡಬೇಕು. ಚೌಕಟ್ಟಿನ ಬೆಸುಗೆಗಳಲ್ಲಿ ಬಿರುಕಿದೆಯೇ, ಮುಂದಿನ ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಒಸರುತ್ತಿದೆಯೇ, ಚೈನಿನ ಚಕ್ರದ ಹಲ್ಲುಗಳು ಕೊಕ್ಕೆಯಂತೆ ಬಾಗಿವೆಯೇ ಎಂದು ನೋಡಬೇಕು. ಉಳಿದ ಹಣ ಹೆಲ್ಮೆಟ್, ಗಟ್ಟಿ ಬೂಟು, ಮೊಣಕಾಲಿನ ಕಾಪು, ಎದೆಗವಚಗಳಿಗೆ ಹೋಗಲಿ. ಬೈಕಿನ ಬೆಲೆಗೆ ಚೌಕಾಸಿ ಮಾಡಿದ ತಂದೆ ಇವಕ್ಕೆ ಚೌಕಾಸಿ ಮಾಡಬಾರದು.

ಎದೆಗವಚದ ಮಾತು ಬಂದಾಗ ನಮ್ಮ ಅಕ್ಕ ಕೇಳಿದ ಪ್ರಶ್ನೆಯನ್ನು ಯಾವ ಅಂಗಡಿಯವನೂ ಕೇಳಿರಲಾರ. "ಕರಡಿಗೆ ಕೊರಳಲ್ಲಿರುತ್ತದಲ್ಲ, ಬಿದ್ದರೆ ಎದೆಗೆ ಒತ್ತುವುದಿಲ್ಲವೇ? ಅದಕ್ಕೆಂದು ತೆಗೆದಿಟ್ಟು ಹೋಗುವ ಹಾಗಿಲ್ಲ." ಪ್ರಶ್ನೆ ಸಾಚಾ. ಗಟ್ಟಿ ಬೆಳ್ಳಿಯ ಕರಡಿಗೆ ಕವಚದಡಿ ಸಿಕ್ಕಿದರೆ ಪಕ್ಕೆಲುಬಿಗೇ ಪೆಟ್ಟು. ಇಷ್ಟಲಿಂಗ ಧಾರಣೆಗೆ ನಮ್ಮಲ್ಲಿ ಅಮಳೋಕ್ಯ, ಕಂಠ, ಕಕ್ಷೆ, ಕರಸ್ಥಲ, ಉರಸ್ಥಲ, ಉತ್ತಮಾಂಗವೆಂದು ಆರು ಸ್ಥಾನಗಳನ್ನು ಹೇಳಿದ್ದಾರೆ. ಕಕ್ಷೆಯೆಂದರೆ ಕಂಕುಳು. ಕರಡಿಗೆಯ ಬದಲು ಮೆತ್ತನೆಯ ವಸ್ತ್ರದಲ್ಲಿ ಲಿಂಗವನ್ನು ಸುತ್ತಿ, ಶಿವದಾರವನ್ನು ಗಿಡ್ಡ ಮಾಡಿ, ಎಡಗಂಕುಳ ಬಳಿ ಕವಚದ ಅಂಚಿಗೆ ಹೊರತಾಗಿ ಕಟ್ಟಿದರೆ ಧಾರಣೆಗೂ ಭಂಗವಿಲ್ಲ, ದೇಹಕ್ಕೂ ಅಪಾಯ ಕಡಿಮೆ. ಅಕ್ಕನೇ ಹಳೆಯ ರೇಷ್ಮೆ ಸೀರೆಯ ಸೆರಗಿನಲ್ಲಿ ಚೀಲ ಹೊಲಿದರು.

ಓಡಿಸುವ ನೆಲದ ಬಗ್ಗೆಯೂ ಹೇಳಬೇಕು. ತಲಕಾಡಿನ ಮರಳುದಿಣ್ಣೆಗಳನ್ನು ಕಂಡ ಹುಡುಗರಿಗೆ ಕೈ ತುರಿಸುವುದು ಸಹಜ. ಆ ಮರಳಿನಡಿಯಿಂದಲೇ ಗಂಗರ, ಹೊಯ್ಸಳರ ಕಾಲದ ಗುಡಿಗಳನ್ನು ಬಗೆದು ತೆಗೆದದ್ದು. ಪಂಚಲಿಂಗ ದರ್ಶನಕ್ಕೆ 2020ರಲ್ಲಿಯೂ ಭಕ್ತರು ನಡೆದ ನೆಲ ಅದು. ಅಲ್ಲಿ ಬೈಕು ಸಲ್ಲದು. ನಂಜನಗೂಡು ದಾಟಿ ಬಂಡೀಪುರದ ಕಡೆಗೆ ಹೋದರೆ ಕಾಡಿನ ಜಾಡುಗಳಿಗೆ ಇಳಿಯುವುದು ಅಪರಾಧವೇ ಸರಿ. ಸ್ಪರ್ಧೆಯ ರೀತಿ ಕಲಿಯಬೇಕೆನ್ನುವವರಿಗೆ ಕೋಲಾರದ ಬಳಿ ಸಂತೋಷ್ ಅವರೇ ಕಟ್ಟಿದ ಬಿಗ್‌ರಾಕ್ ಡರ್ಟ್‌ಪಾರ್ಕ್ ಇದೆ. ನಮ್ಮ ಹುಡುಗನಿಗೆ ಸದ್ಯಕ್ಕೆ ಕೊಯ್ಲಾದ ಸ್ವಂತ ಗದ್ದೆಯೇ ಪಾಠಶಾಲೆ: ಸೀಟಿನ ಮೇಲೆ ಕೂರದೆ ಫುಟ್‌ರೆಸ್ಟಿನ ಮೇಲೆ ನಿಂತು, ಮೊಣಕಾಲು ಸಡಿಲಿಸಿ, ಗಾಲಿಯ ಬುಡ ನೋಡದೆ ದೂರದ ಮರ ನೋಡುತ್ತ ಒಂದನೇ ಗೇರಿನಲ್ಲಿ ಸುತ್ತುವುದು. ಸಡಿಲ ಮಣ್ಣಿನಲ್ಲಿ ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದರೆ ಗಾಲಿ ಜಾರಿ ಬೀಳುವುದು ಖಚಿತ. ಮಳೆಗಾಲದ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿ ಗಾಲಿಯನ್ನೇ ನಿಲ್ಲಿಸಿಬಿಡುತ್ತದೆ. ಆಗ ಬೈಕು ಮನೆಯಲ್ಲಿರಲಿ.

ಎರಡು ವಾರದ ಬಳಿಕ ತಂದೆ ಮಗ ಜೊತೆಯಾಗಿ ಮೈಸೂರಿಗೆ ಹೋಗಿ, ಒಬ್ಬರೇ ಬಳಸಿದ ಎಕ್ಸ್‌ಪಲ್ಸ್ 200 ಒಂದನ್ನು ತಂದರು. ತಂದೆಯ ಷರತ್ತು ಮೂರು: ಸೈಲೆನ್ಸರ್ ಬದಲಿಸಬಾರದು, ಕತ್ತಲಾದ ಮೇಲೆ ಏರಿ ಹತ್ತಬಾರದು, ದನ ಎದುರಾದರೆ ಎಂಜಿನ್ ನಿಲ್ಲಿಸಬೇಕು. ಮೊದಲ ತಿಂಗಳು ಗದ್ದೆ ಬಿಟ್ಟು ಕದಲಲಿಲ್ಲ. ಹನ್ನೊಂದು ಸಲ ಬಿದ್ದನಂತೆ, ಹನ್ನೊಂದು ಸಲವೂ ತಾನೇ ಎತ್ತಿದನಂತೆ. ಲೆಕ್ಕವಿಟ್ಟವರು ಬದುವಿನ ಮೇಲೆ ಕೂತಿದ್ದ ಅವನ ತಂದೆ. ಸುತ್ತೂರಿನ ಜಾತ್ರೆಗೆ ಕಪಿಲೆಯ ದಡದ ಹಾದಿಯಲ್ಲೇ ಹೋಗಿಬರಲು ಈಗ ಅಪ್ಪಣೆ ಸಿಕ್ಕಿದೆ. ಬರುವಾಗ ಅಜ್ಜಿಗೆ ವಿಭೂತಿ ಗಟ್ಟಿ ತರಬೇಕು, ಪುಡಿಯಾಗದಂತೆ.