ಮುಟ್ಟುವ ಮುನ್ನ

ಮೈಸೂರಿನ ಒಂದು ಕಲ್ಯಾಣಮಂಟಪ. ಮುಹೂರ್ತವಿಲ್ಲದ ಭಾನುವಾರವಾದ್ದರಿಂದ ಊಟದ ಹಾಲ್ ಇವತ್ತು ಚೆಸ್ಸಿನವರಿಗೆ ಸಿಕ್ಕಿದೆ. ಬಾಳೆಎಲೆ ಹಾಸುವ ಉದ್ದನೆಯ ಮೇಜುಗಳ ಮೇಲೆ ಹಸಿರು-ಬಿಳಿ ಚೌಕಗಳ ಹಾಸುಗಳು, ಪ್ರತಿಯೊಂದರ ಪಕ್ಕ ಒಂದು ಡಿಜಿಟಲ್ ಗಡಿಯಾರ. ಬಾಗಿಲಾಚೆ ಅಪ್ಪ-ಅಮ್ಮಂದಿರು ಟಿಫನ್ ಬಾಕ್ಸ್, ನೀರಿನ ಬಾಟಲಿ ಹಿಡಿದು ನಿಂತಿದ್ದಾರೆ. 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ತೇಜ್‌ಕುಮಾರ್ ಅವರ ಊರಿದು. ಮಕ್ಕಳನ್ನು ಕೈಹಿಡಿದು ಕರೆತರುವ ಈ ಉತ್ಸಾಹಕ್ಕೆ ಕಾರಣವಿದೆ.

ಗೋಡೆಗೆ ಅಂಟಿಸಿದ ಪಟ್ಟಿಯ ಕೊನೆಯ ಹಾಳೆಯಲ್ಲಿ ನಿಮ್ಮ ಹೆಸರು. ರೇಟಿಂಗ್ ಇರಬೇಕಾದ ಜಾಗದಲ್ಲಿ ಸೊನ್ನೆ. ಫೋನಿನಲ್ಲಿ ಲೆಕ್ಕವಿಲ್ಲದಷ್ಟು ಆಟ ಆಡಿದ್ದೀರಿ, ಬಹಳಷ್ಟನ್ನು ಸೋತಿದ್ದೀರಿ. ಯಾಕೆ ಸೋತಿರಿ ಎಂದು ಯಾರಾದರೂ ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಹಿಂದಿನ ಸಾಲಿನ ಮೇಜಿಗೆ ಹೋಗಿ ಬಿಳಿ ಕಾಯಿಗಳ ಮುಂದೆ ಕೂರುತ್ತೀರಿ. ಎದುರಿಗೆ ಎರಡು ಜಡೆಯ ಹುಡುಗಿ. ಕುರ್ಚಿಯಲ್ಲಿ ಕೂತರೆ ಅವಳ ಕಾಲು ನೆಲ ಮುಟ್ಟುವುದಿಲ್ಲ. ಆರ್ಬಿಟರ್ ಮೈಕಿನಲ್ಲಿ ನಿಯಮ ಹೇಳುತ್ತಾರೆ: ಒಬ್ಬೊಬ್ಬರಿಗೆ 15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್ ಸೇರುತ್ತದೆ, ಫೋನ್ ಸದ್ದು ಮಾಡಿದರೆ ಆಟ ಹೋಯಿತು, ಮುಟ್ಟಿದ ಕಾಯಿಯನ್ನೇ ನಡೆಸಬೇಕು. ಹುಡುಗಿ ಕೈಕುಲುಕಿ ಗಡಿಯಾರ ಒತ್ತುತ್ತಾಳೆ.

ಇ4, ಇ5. ನಿಮ್ಮ ಕುದುರೆ ಎಫ್3ಕ್ಕೆ, ಅವಳದು ಸಿ6ಕ್ಕೆ. ನಿಮ್ಮ ಒಂಟೆ ಸಿ4ಕ್ಕೆ. ಇಲ್ಲಿಯವರೆಗೆ ಬಾಯಿಪಾಠ. ಈಗ ಅವಳು ಅದೇ ಕುದುರೆಯನ್ನು ಮತ್ತೆ ಎತ್ತಿ ಡಿ4ರಲ್ಲಿ, ನಿಮ್ಮ ಸೈನ್ಯದ ಮೂತಿಯ ಮುಂದೆ ಇಡುತ್ತಾಳೆ. ಶುರುವಿನಲ್ಲೇ ಒಂದು ಕಾಯಿಯನ್ನು ಎರಡು ಸಲ ನಡೆಸಬಾರದು ಎಂದು ನೋಡಿದ ವಿಡಿಯೊಗಳೆಲ್ಲ ಹೇಳಿದ್ದವು. ಮಗು, ಗೊತ್ತಿಲ್ಲ ಪಾಪ. ಕುದುರೆ ಸಿ6 ಬಿಟ್ಟಿದ್ದರಿಂದ ಇ5ರ ಕಾಲಾಳಿಗೆ ಕಾವಲೂ ಇಲ್ಲ. ಪುಕ್ಕಟೆ ಕಾಲಾಳು! ನಿಮ್ಮ ಕೈ ಆಗಲೇ ಕುದುರೆಯ ಮೇಲಿದೆ. ಇ5ರ ಕಾಲಾಳು ನಿಮ್ಮ ಮೇಜಿನ ಅಂಚಿಗೆ ಬಂದಾಗಿದೆ.

ಅವಳ ರಾಣಿ ಜಿ5ಕ್ಕೆ ಬರುತ್ತದೆ. ಒಂದು ಕಡೆ ನಿಮ್ಮ ಕುದುರೆಯ ಮೇಲೆ ಕಣ್ಣು, ಇನ್ನೊಂದು ಕಡೆ ಜಿ2ರ ಕಾಲಾಳಿನ ಮೇಲೆ. ನೀವು ಗಾಬರಿಯಾಗುವುದಿಲ್ಲ, ಯಾಕೆಂದರೆ ಎಫ್7 ಕಾಣುತ್ತಿದೆ. ಅಲ್ಲಿ ಕುದುರೆಯಿಂದ ಹೊಡೆದರೆ ರಾಣಿಗೂ ಎಚ್8ರ ಆನೆಗೂ ಒಟ್ಟಿಗೇ ಏಟು. ಹೊಡೆಯುತ್ತೀರಿ. ಅವಳು ಜಿ2ರ ಕಾಲಾಳು ತಿನ್ನುತ್ತಾಳೆ. ನಿಮ್ಮ ಆನೆ ಓಡಿ ಎಫ್1ಕ್ಕೆ. ಅವಳ ರಾಣಿ ಇ4ರ ಕಾಲಾಳನ್ನೂ ತಿಂದು ಚೆಕ್ ಕೊಡುತ್ತದೆ. ಒಂಟೆಯನ್ನು ಇ2ಕ್ಕೆ ತಂದು ಅಡ್ಡ ಇಡುತ್ತೀರಿ. ಡಿ4ರಲ್ಲಿ ಸುಮ್ಮನೆ ಕೂತಿದ್ದ ಕುದುರೆ ಎಫ್3ಕ್ಕೆ ಹಾರುತ್ತದೆ.

“ಮೇಟ್ ಅಂಕಲ್.”

ನಿಮಗೆ ನಂಬಲಾಗುವುದಿಲ್ಲ. ಒಂಟೆಯಿಂದ ಆ ಕುದುರೆಯನ್ನು ಹೊಡೆಯೋಣವೆಂದರೆ ಅದು ಅಲ್ಲಾಡುವಂತಿಲ್ಲ. ಹಿಂದೆ ರಾಜ, ಮುಂದೆ ಇ4ರಲ್ಲಿ ಅವಳ ರಾಣಿ. ರಾಜ ಓಡಬೇಕಾದ ಮನೆಗಳಲ್ಲೆಲ್ಲ ನಿಮ್ಮವೇ ಕಾಯಿಗಳು. ಏಳು ನಡೆಗೆ ಆಟ ಮುಗಿದಿದೆ, ಗಡಿಯಾರದಲ್ಲಿ ನಿಮ್ಮ 15 ನಿಮಿಷ ಹಾಗೇ ಉಳಿದಿದೆ. ಆ ಉಳಿದ ಸಮಯವನ್ನು ಚೆನ್ನಾಗಿ ನೋಡಿಕೊಳ್ಳಿ. ಈ ಸೋಲು ಬುದ್ಧಿಯ ಕೊರತೆಯಿಂದ ಬಂದದ್ದಲ್ಲ, ಪಾಠವಾಗದ ಓಪನಿಂಗಿನಿಂದಲೂ ಅಲ್ಲ. ಡಿ4ರ ಕುದುರೆ ಅಲ್ಲಿಗೆ ಯಾಕೆ ಬಂತು ಎಂದು ಒಂದು ಸಲ ಕೇಳಿಕೊಳ್ಳಲು ಅರ್ಧ ನಿಮಿಷ ಸಾಕಾಗಿತ್ತು, ಆ ಅರ್ಧ ನಿಮಿಷವನ್ನು ನೀವು ಕೊಡಲಿಲ್ಲ.

ಹೊರಗೆ ಜಗಲಿಯಲ್ಲಿ ಆಟ ಮುಗಿದವರು ಕಾಯಿ ಹರಡಿಕೊಂಡು ಕೂತಿದ್ದಾರೆ. ಹುಡುಗಿ ಅಮ್ಮನ ಕೈಯಿಂದ ಚಪಾತಿ ಸುರುಳಿ ಇಸಿದುಕೊಂಡು ನಿಮ್ಮ ಮುಂದೆ ಬಂದು ಕೂರುತ್ತಾಳೆ. ಕೇಳದೆಯೇ ಆಟವನ್ನು ಮತ್ತೆ ಇಡುತ್ತಾಳೆ. “ಇಲ್ಲಿ ನನ್ನ ಕುದುರೇನ ನಿಮ್ಮ ಕುದುರೆಯಿಂದ ಹೊಡೆದುಬಿಡಿ ಅಂಕಲ್. ನಾನು ಕಾಲಾಳಿಂದ ತಗೋತೀನಿ. ಆಮೇಲೆ ನಂದು ಏನೂ ಇರಲ್ಲ, ನಿಮ್ದೇ ಚೆನ್ನಾಗಿರುತ್ತೆ.” ಹೌದಲ್ಲ. ಅವಳ ಹೊರಬಂದ ಒಂದೇ ಕಾಯಿ ಹೋಗುತ್ತಿತ್ತು, ನಿಮ್ಮ ಒಂಟೆ ಹೊರಗಿರುತ್ತಿತ್ತು, ಮುಂದಿನ ನಡೆಗೆ ರಾಜನನ್ನು ಕೋಟೆಯೊಳಗೆ ಕೂರಿಸಬಹುದಿತ್ತು. ನಾಲ್ಕನೇ ನಡೆಯಲ್ಲಿ ಗೆಲುವಿನ ಕಡೆ ಹೊರಟಿದ್ದವರು ನೀವೇ.

ಕಲಿಯುವ ಜಾಗ ಈ ಜಗಲಿ ಎಂಬುದು ನನ್ನ ಗಟ್ಟಿ ನಂಬಿಕೆ. ಸೋತ ಕೂಡಲೇ ಹೊಸ ಆಟ ಶುರುಮಾಡುವ ಗುಂಡಿ ಒತ್ತುವ ಅಭ್ಯಾಸ ಫೋನು ಕಲಿಸಿದ್ದು. ಅದರಿಂದ ಅದೇ ಸೋಲು ಬೇರೆ ಬಣ್ಣದ ಕಾಯಿಗಳಲ್ಲಿ ಮರಳಿ ಬರುತ್ತದೆ. ಜೇಬಿನ ಪುಸ್ತಕ ತೆಗೆದು ಏಳೂ ನಡೆಗಳನ್ನು ನೆನಪಿನಿಂದ ಬರೆಯಿರಿ. ನಾಲ್ಕನೇ ನಡೆಯ ಕೆಳಗೆ ಗೆರೆ ಎಳೆಯಿರಿ. ಕಂಪ್ಯೂಟರನ್ನು ಈಗಲೇ ಕೇಳಬೇಡಿ. ಅದು ತಪ್ಪು ಯಾವ ನಡೆಯಲ್ಲಾಯಿತು ಎಂದು ತೋರಿಸುತ್ತದೆ, ಆ ಕ್ಷಣದಲ್ಲಿ ನೀವು ಏನು ಯೋಚಿಸುತ್ತಿದ್ದಿರಿ ಎಂಬುದು ಅದಕ್ಕೆ ತಿಳಿಯದು. “ಪುಕ್ಕಟೆ ಅಂದುಕೊಂಡೆ” ಎಂದು ಪಕ್ಕದಲ್ಲಿ ಬರೆಯಬಲ್ಲವರು ನೀವೊಬ್ಬರೇ.

ನಾಚಿಕೆಯೂ ಬೇಡ. 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕ್ಯಾಂಡಿಡೇಟ್ಸ್ ಪಂದ್ಯದಲ್ಲಿ ಟಿಗ್ರಾನ್ ಪೆಟ್ರೋಸಿಯನ್, ಬ್ರಾನ್‌ಸ್ಟೀನ್ ಅವರನ್ನು ಉಸಿರಾಡದಂತೆ ಅದುಮಿಟ್ಟಿದ್ದರು. ಆಮೇಲೆ ಎದುರಾಳಿಯ ಕುದುರೆ ತಮ್ಮ ರಾಣಿಯ ಮೇಲೆ ಬಂದದ್ದನ್ನೇ ನೋಡದೆ ಬೇರೆ ಕಾಯಿ ನಡೆಸಿದರು. ರಾಣಿ ಹೋಯಿತು, ಆಟ ಹೋಯಿತು. ಅದೇ ಪೆಟ್ರೋಸಿಯನ್ 1963ರಲ್ಲಿ ವಿಶ್ವ ಚಾಂಪಿಯನ್ ಆದರು. 2006ರ ನವೆಂಬರ್ 27ರಂದು ಜರ್ಮನಿಯ ಬಾನ್ ನಗರದಲ್ಲಿ, ಆಗಿನ ವಿಶ್ವ ಚಾಂಪಿಯನ್ ವ್ಲಾಡಿಮಿರ್ ಕ್ರಾಮ್ನಿಕ್ ಡೀಪ್ ಫ್ರಿಟ್ಜ್ ಕಂಪ್ಯೂಟರಿನ ಎದುರು ತಮ್ಮ ರಾಣಿಯನ್ನು ಇ3ಕ್ಕೆ ಇಟ್ಟರು. ಎಚ್7ರಲ್ಲಿ ಒಂದೇ ನಡೆಯ ಮೇಟ್ ಕಾದಿತ್ತು. ಅಂಥವರ ಬದುಕಿನಲ್ಲಿ ಇದು ಅಪರೂಪಕ್ಕೆ ನಡೆಯುತ್ತದೆ, ನಮ್ಮಲ್ಲಿ ಪ್ರತಿ ಆಟದಲ್ಲೂ ನಡೆಯುತ್ತದೆ. ಆ ಅಂತರವನ್ನು ಕಡಿಮೆ ಮಾಡಿಕೊಂಡರೆ ಹೊಸಬನ ಸೋಲುಗಳಲ್ಲಿ ದೊಡ್ಡ ಪಾಲು ಕರಗುತ್ತದೆ.

ರಷ್ಯಾದ ಬ್ಲೂಮೆನ್‌ಫೆಲ್ಡ್ ಎಂಬ ಆಟಗಾರ ಇದಕ್ಕೊಂದು ದಾರಿ ಹೇಳಿದ್ದನ್ನು ಅಲೆಕ್ಸಾಂಡರ್ ಕೊಟೊವ್ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ನಡೆ ನಿರ್ಧರಿಸಿದ ಮೇಲೆ ಕಾಯಿ ಮುಟ್ಟಬೇಡ, ಮೊದಲು ಹಾಳೆಯಲ್ಲಿ ಬರೆ, ಆಮೇಲೆ ತಲೆಯೆತ್ತಿ ಆಟವನ್ನೇ ಅರಿಯದವನ ಕಣ್ಣಿನಿಂದ ಹಲಗೆ ನೋಡು: ಯಾವುದಾದರೂ ಕಾಯಿ ಸುಮ್ಮನೆ ಹೋಗುತ್ತದೆಯೆ, ಮೇಟ್ ಆಗುತ್ತದೆಯೆ? ಈಗಿನ ನಿಯಮದಲ್ಲಿ ನಡೆಯನ್ನು ಮುಂಚಿತವಾಗಿ ಬರೆಯುವಂತಿಲ್ಲ. ಮನಸ್ಸಿನಲ್ಲಿ ಬರೆದುಕೊಳ್ಳುವುದನ್ನು ಯಾರೂ ತಡೆಯಲಾರರು. ಎರಡನೇ ಸುತ್ತಿಗೆ ಕರೆಯುತ್ತಿದ್ದಾರೆ, ಏಳಿ.

ಈ ಸಲ ಕಪ್ಪು ಕಾಯಿ. ಎದುರಿಗೆ ಹಣೆಗೆ ವಿಭೂತಿ ಇಟ್ಟ ಹಿರಿಯರೊಬ್ಬರು, ಕಾಯಿಯನ್ನು ಠಪ್ಪೆಂದು ಇಟ್ಟು ಗಡಿಯಾರವನ್ನು ಇನ್ನೂ ಜೋರಾಗಿ ಒತ್ತುತ್ತಾರೆ. ಅವರ ವೇಗ ನಿಮಗೂ ಅಂಟಿಕೊಳ್ಳಲು ನೋಡುತ್ತದೆ. ನೀವು ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದೀರಿ. ಪ್ರತಿ ಸಲವೂ ಅದೇ ಪ್ರಶ್ನೆ: ಇವರು ಇದನ್ನು ಯಾಕೆ ಆಡಿದರು? ಆಮೇಲೆ ಅವರ ಕಡೆಯ ಚೆಕ್‌ಗಳು, ಹೊಡೆತಗಳು, ಬೆದರಿಕೆಗಳು, ಆಮೇಲೆ ನಿಮ್ಮವು. ಮೊದಮೊದಲು ಇದು ಬೇಸರದ ಕೆಲಸ, ತಲೆ ಬಿಸಿಯಾಗುತ್ತದೆ. ರಾಣಿಗಳು, ಕುದುರೆಗಳು, ಒಂಟೆಗಳು ಒಂದೊಂದಾಗಿ ಅದಲುಬದಲಾಗಿ ಹೋಗುತ್ತವೆ. ನಿಮ್ಮದು ಏನೂ ಪುಕ್ಕಟೆ ಹೋಗಿಲ್ಲ, ಇದು ಹೊಸ ಅನುಭವ.

ಕೊನೆಗೆ ಇಬ್ಬರಿಗೂ ಒಂದೊಂದು ಆನೆ, ಐದೈದು ಕಾಲಾಳು. ನಿಮ್ಮ ರಾಜ ಜಿ8ರಲ್ಲಿ, ಮುಂದೆ ಅಲ್ಲಾಡದ ಮೂರು ಕಾಲಾಳುಗಳು; ಆನೆ ಡಿ8ರಲ್ಲಿ. ಅವರ ರಾಜ ಜಿ1ರಲ್ಲಿ ಹಾಗೆಯೇ, ಆನೆ ಇ1ರಲ್ಲಿ. ನಿಮ್ಮ ಆನೆಗೆ ಡಿ2ರ ದಾರಿ ತೆರೆದಿದೆ. ಹೋದರೆ ಬಿ2ರ ಕಾಲಾಳು ಬಾಯಿಗೆ ಬೀಳುತ್ತದೆ. ಮನಸ್ಸಿನಲ್ಲಿ ಆನೆಯನ್ನು ಡಿ2ಕ್ಕೆ ಇಟ್ಟು, ಅವರ ಚೆಕ್ ಹುಡುಕುತ್ತೀರಿ. ಇ8ಕ್ಕೆ ಆನೆ ಬಂದರೆ? ಚೆಕ್ ಅಷ್ಟೇ ಅಲ್ಲ, ಮೇಟ್. ಬೆನ್ನು ತಣ್ಣಗಾಗುತ್ತದೆ. ಹಿಂದಿನ ಸಾಲನ್ನು ಕಾಯುತ್ತಿದ್ದದ್ದು ಅದೇ ಆನೆ. ಕೈಯನ್ನು ತೊಡೆಯಿಂದ ತೆಗೆದು ಎಚ್7ರ ಕಾಲಾಳನ್ನು ಒಂದು ಮನೆ ಮುಂದೆ ಸರಿಸುತ್ತೀರಿ. ರಾಜನಿಗೆ ಈಗ ಹೊರಗೆ ಬರಲು ಬಾಗಿಲಿದೆ.

ಹಿರಿಯರು ಅದನ್ನು ನೋಡಿಯೂ ನೋಡದಂತೆ ಆನೆಯನ್ನು ಇ7ಕ್ಕೆ ನುಗ್ಗಿಸುತ್ತಾರೆ, ಬಿ7ರ ಕಾಲಾಳು ಹೊಡೆಯಲು. ನೀವು ಕಾಲಾಳು ಉಳಿಸಿಕೊಳ್ಳಲು ಹೊರಡುವ ಮೊದಲು ನಿಮ್ಮ ಪಟ್ಟಿಯ ಮೊದಲ ಮಾತಿಗೆ ಮರಳುತ್ತೀರಿ. ನನಗೆ ಯಾವ ಚೆಕ್ ಇದೆ? ಆನೆ ಡಿ1ಕ್ಕೆ. ಅವರು ಆನೆಯನ್ನು ಇ1ಕ್ಕೆ ವಾಪಸ್ ತಂದು ಅಡ್ಡ ಇಡುತ್ತಾರೆ. ಅದನ್ನೂ ಹೊಡೆಯುತ್ತೀರಿ. ಮೇಟ್. “ಅರೆ!” ಎಂದು ಅವರು ಹಲಗೆಯ ಮೇಲೆ ಬಗ್ಗಿ, ನಗುತ್ತ ಕೈ ಚಾಚುತ್ತಾರೆ. “ಚೆನ್ನಾಗಿ ಆಡಿದ್ರಿ, ಸ್ವಾಮಿ.”

ಆ ಹಿಂದಿನ ಸಾಲಿನ ಮೇಟ್ ನಿಮ್ಮ ಕಣ್ಣಿಗೆ ಬಿದ್ದದ್ದು ಆಕಸ್ಮಿಕವಲ್ಲ. ಬೆಳಿಗ್ಗೆ ಬಸ್ಸಿನಲ್ಲಿ, ರಾತ್ರಿ ಮಲಗುವ ಮುಂಚೆ ಅಂಥ ಚಿಕ್ಕ ಸಮಸ್ಯೆಗಳನ್ನು ಬಿಡಿಸಿದ್ದೀರಿ. 1973ರಲ್ಲಿ ಚೇಸ್ ಮತ್ತು ಸೈಮನ್ ಎಂಬ ಸಂಶೋಧಕರು ನಿಜವಾದ ಆಟದ ಹಲಗೆಯನ್ನು ಐದು ಸೆಕೆಂಡ್ ತೋರಿಸಿದಾಗ ಮಾಸ್ಟರ್ ಬಹುತೇಕ ಕಾಯಿಗಳನ್ನು ನೆನಪಿನಿಂದ ಇಟ್ಟ. ಕಾಯಿಗಳನ್ನು ಅಡ್ಡಾದಿಡ್ಡಿಯಾಗಿ ಚೆಲ್ಲಿ ತೋರಿಸಿದಾಗ ಹೊಸಬನಿಗಿಂತ ಅವನೇನೂ ಮುಂದಿರಲಿಲ್ಲ. ಅವನ ನೆನಪಿನಲ್ಲಿ ಕೂತಿದ್ದದ್ದು ವಿನ್ಯಾಸಗಳು. ಹಿಂದಿನ ಸಾಲಿನ ಮೇಟ್, ಕುದುರೆಯ ಎರಡೇಟು, ರಾಜನ ಮುಂದೆ ಸಿಕ್ಕಿಬಿದ್ದ ಕಾಯಿ, ಇವು ಕೈಗೆಟುಕುವ ವಿನ್ಯಾಸಗಳೇ. ಸುಲಭವಾದವನ್ನೇ, ಉತ್ತರ ಪೂರ್ತಿ ಕಂಡ ಮೇಲೆಯೇ ಕೈ ಆಡಿಸಿ ಬಿಡಿಸಬೇಕು. ಊಹೆಯಿಂದ ನೂರು ಬಿಡಿಸುವುದಕ್ಕಿಂತ ನೋಡಿ ಹತ್ತು ಬಿಡಿಸುವುದು ಮೇಲು. ಒಂದು ನಿಮಿಷದ ಆಟಗಳನ್ನು ಸದ್ಯಕ್ಕೆ ದೂರವಿಡಿ. ನೋಡದೆ ಆಡುವುದನ್ನು ಅವು ರೂಢಿ ಮಾಡಿಸುತ್ತವೆ.

ಮೂರನೇ ಸುತ್ತು. ಪಿಯುಸಿ ಓದುವ ಹುಡುಗ. ಗಂಟೆಯ ಮೇಲಾಗುತ್ತ ಬಂದಿದೆ, ಅಕ್ಕಪಕ್ಕದ ಮೇಜುಗಳು ಖಾಲಿ, ನಿಮ್ಮ ಸುತ್ತ ಮಕ್ಕಳು ಬೆನ್ನ ಹಿಂದೆ ಕೈಕಟ್ಟಿ ನಿಂತಿದ್ದಾರೆ. ಹಲಗೆಯ ಮೇಲೆ ಉಳಿದದ್ದು ಮೂರೇ ಕಾಯಿ: ನಿಮ್ಮ ರಾಜ ಡಿ3ರಲ್ಲಿ, ಇನ್ನೂ ಮನೆಬಿಟ್ಟು ಕದಲದ ಇ2ರ ಕಾಲಾಳು, ಅವನ ರಾಜ. ಅವನು ರಾಜನನ್ನು ಇ6ಕ್ಕೆ ಇಟ್ಟು, “ಡ್ರಾ ಮಾಡ್ಕೊಳ್ಳೋಣವಾ ಸರ್?” ಎಂದು ಕೇಳಿ ಗಡಿಯಾರ ಒತ್ತುತ್ತಾನೆ. ನಿಮ್ಮ ಕಡೆ ಮುಕ್ಕಾಲು ನಿಮಿಷವೂ ಇಲ್ಲ.

ಕಾಲಾಳು ಎರಡು ಮನೆ ಹಾರಲಿ ಎನ್ನುತ್ತದೆ ಕೈ. ಐದೇ ಹೆಜ್ಜೆಗೆ ಅದು ರಾಣಿಯಾಗುತ್ತದೆ, ಓಡಿಸೋಣ. ಆದರೆ ಇ4ಕ್ಕೆ ಕಾಲಾಳು ಹೋದರೆ ಅವನ ರಾಜ ಇ5ರಲ್ಲಿ ಬಂದು ನಿಲ್ಲುತ್ತಾನೆ, ಆಮೇಲೆ ನೀವು ಯಾವ ಕಡೆ ಬಂದರೂ ಎದುರಿಗೇ ಹೆಜ್ಜೆ ಹಾಕುತ್ತ ದಾರಿ ಕಟ್ಟುತ್ತಾನೆ. ಆಟ ಡ್ರಾ. ರಾಜನೇ ಮುಂದೆ ಹೋಗಬೇಕು, ಕಾಲಾಳು ಹಿಂದೆ ಬರಬೇಕು. ರಾಜನನ್ನು ಎತ್ತಿ ಇ4ಕ್ಕೆ ಇಡುತ್ತೀರಿ. ಇಬ್ಬರು ರಾಜರು ಎದುರುಬದುರು, ನಡುವೆ ಒಂದು ಖಾಲಿ ಮನೆ, ನಡೆಯ ಸರದಿ ಅವನದು. ಅವನೇ ದಾರಿ ಬಿಡಬೇಕು.

ಅವನು ಡಿ6ಕ್ಕೆ ಸರಿಯುತ್ತಾನೆ, ನಿಮ್ಮ ರಾಜ ಎಫ್5ಕ್ಕೆ. ಅವನು ಇ7ಕ್ಕೆ, ನೀವು ಇ5ಕ್ಕೆ, ಮತ್ತೆ ಎದುರುಬದುರು. ಡಿ7, ಎಫ್6. ಇ8, ಇ6. ನಿಮ್ಮ ರಾಜ ಈಗ ಆರನೇ ಸಾಲಿನಲ್ಲಿ. ಇನ್ನು ಕಾಲಾಳಿನ ಕೆಲಸ: ಇ4, ಇ5. ಅವನು ಡಿ8ಕ್ಕೆ ಬಂದಾಗ ನಿಮ್ಮ ರಾಜ ಎಫ್7ಕ್ಕೆ ಸರಿದು ದಾರಿ ತೆರವು ಮಾಡುತ್ತಾನೆ. ಕಾಲಾಳು ಇ8 ಮುಟ್ಟಿ ರಾಣಿಯಾದಾಗ ಹಿಂದೆ ನಿಂತ ಮಕ್ಕಳಲ್ಲೊಬ್ಬ ಉಸಿರು ಬಿಡುತ್ತಾನೆ.

ಇನ್ನೂ ಮುಗಿದಿಲ್ಲ. ರಾಣಿ ಕೈಗೆ ಬಂದ ಮೇಲೂ ಎಷ್ಟೋ ಹೊಸಬರು ಎದುರಾಳಿಯ ರಾಜನಿಗೆ ಚೆಕ್ ಇಲ್ಲದೆ, ಸರಿಯಲೂ ಮನೆಯಿಲ್ಲದಂತೆ ಮಾಡಿ ಸ್ಟೇಲ್‌ಮೇಟಿನಲ್ಲಿ ಅರ್ಧ ಅಂಕ ಕಳೆದುಕೊಳ್ಳುತ್ತಾರೆ. ನೀವು ಚೆಕ್ ಕೊಡುತ್ತ ಅಟ್ಟಿಸಿಕೊಂಡು ಹೋಗುವುದಿಲ್ಲ. ರಾಣಿಯನ್ನು ಅವನ ರಾಜನಿಂದ ಕುದುರೆಯ ಒಂದು ಜಿಗಿತದಷ್ಟು ದೂರದಲ್ಲಿಟ್ಟು, ಅವನು ಸರಿದ ದಿಕ್ಕಿಗೇ ಸರಿಯುತ್ತೀರಿ. ಅವನ ಬಯಲು ಸಾಲುಸಾಲಾಗಿ ಕಿರಿದಾಗುತ್ತದೆ. ರಾಜ ಮೂಲೆ ಸೇರಿದ ಕೂಡಲೇ ರಾಣಿಯನ್ನು ನಿಲ್ಲಿಸಿ, ಅವನಿಗೆ ಓಡಾಡಲು ಎರಡು ಮನೆ ಬಿಟ್ಟು, ನಿಮ್ಮ ರಾಜನನ್ನು ನಡೆಸಿಕೊಂಡು ಬರುತ್ತೀರಿ. ಪ್ರತಿ ನಡೆಗೆ ಸೇರುವ ಹತ್ತು ಸೆಕೆಂಡ್ ಸಾಕಾಗುತ್ತದೆ, ಯಾಕೆಂದರೆ ಇದನ್ನು ಮನೆಯಲ್ಲಿ ಊಟದ ಮೇಜಿನ ಮೇಲೆ ಒಬ್ಬರೇ ಕೂತು ಆಡಿದ್ದೀರಿ. ಮೇಟ್.

ಜಗಲಿಗೆ ಬರುತ್ತೀರಿ. ಹುಡುಗ ನಿಮ್ಮ ಹಿಂದೆಯೇ ಬಂದಿದ್ದಾನೆ, ಕೈಯಲ್ಲಿ ಎರಡು ರಾಜ, ಒಂದು ಕಾಲಾಳು. “ಅದು ಡ್ರಾನೇ ಅಂದ್ಕೊಂಡಿದ್ದೆ ಸರ್. ತೋರಿಸ್ತೀರಾ?” ಅದೇ ಸ್ಥಿತಿ ಇಡುತ್ತೀರಿ, ಬಿಳಿಯನ್ನು ಅವನ ಕಡೆ ತಿರುಗಿಸಿ. ಅವನು ತಡಮಾಡದೆ ಕಾಲಾಳನ್ನು ಇ4ಕ್ಕೆ ಹಾರಿಸುತ್ತಾನೆ. ನಿಮ್ಮ ರಾಜ ಇ5ಕ್ಕೆ. ಅವನ ರಾಜ ಇ3, ನಿಮ್ಮದು ಇ6ಕ್ಕೆ ಹಿಂದಕ್ಕೆ. ಅವನು ಎಫ್4, ನೀವು ಎಫ್6. ಕಾಲಾಳು ಇ5ಕ್ಕೆ ಬಂದು ಚೆಕ್ ಕೊಡುತ್ತದೆ, ಮುಂದೆ ಇ6, ಇ7. ನಿಮ್ಮ ರಾಜ ಇ8ಕ್ಕೆ ಸರಿಯುತ್ತಾನೆ. ಕಾಲಾಳು ಕಾಯಲು ಅವನು ರಾಜನನ್ನು ಇ6ಕ್ಕೆ ತರುತ್ತಾನೆ, ನಿಮಗೆ ಹೋಗಲು ಮನೆಯಿಲ್ಲ.

“ಸ್ಟೇಲ್‌ಮೇಟ್,” ಎನ್ನುತ್ತಾನೆ ಮೆಲ್ಲಗೆ. ಕಾಯಿಗಳನ್ನು ಹಿಂದಿಡುತ್ತಾನೆ. ಈ ಸಲ ರಾಜನನ್ನು ಇ4ಕ್ಕೆ ಇಟ್ಟು ನಿಮ್ಮ ಮುಖ ನೋಡುತ್ತಾನೆ. ಒಳಗೆ ನಾಲ್ಕನೇ ಸುತ್ತಿನ ಪಟ್ಟಿ ಅಂಟಿಸುತ್ತಿದ್ದಾರೆ, ಮಕ್ಕಳು ಗೋಡೆಯ ಕಡೆ ಓಡುತ್ತಿದ್ದಾರೆ. ನೀವು ಏಳಲು ನೋಡಿದರೆ ಹುಡುಗ ಕೈ ಅಡ್ಡ ಹಿಡಿಯುತ್ತಾನೆ.

“ತಡೀರಿ ಸರ್, ನೀವಿನ್ನೂ ಆಡಿಲ್ಲ.”