82 ಡಿಗ್ರಿಯ ಮೇಣ

“ಬಿಸಿಲೂರಿನ ಗಾಡಿಗೆ ಥರ್ಮೋಸ್ಟಾಟ್ ಯಾಕ್ ಸ್ವಾಮಿ?” ಅನ್ನುವ ಮಾತು ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಬಹಳ ಕಾಲ ನಡೆದುಬಂತು. ಅಂಬಾಸಿಡರ್, ಪದ್ಮಿನಿ, ಮೆಟಾಡೋರ್ ಓಡುತ್ತಿದ್ದ ದಿನಗಳಲ್ಲಿ ಗಾಡಿ ಒಂದು ಸಲ ಕುದಿಯಿತು ಅಂದರೆ ಮೇಸ್ತ್ರಿ ಮೊದಲು ಮಾಡುತ್ತಿದ್ದ ಕೆಲಸವೇ ಎಂಜಿನ್ನಿನಿಂದ ಥರ್ಮೋಸ್ಟಾಟ್ ಅನ್ನುವ ಆ ವಾಲ್ವನ್ನು ಕಿತ್ತು ಗುಜರಿ ಡಬ್ಬಕ್ಕೆ ಹಾಕುವುದು. ನೀರು ಸರಾಗವಾಗಿ ಹರಿಯಲಿ, ಎಂಜಿನ್ ತಣ್ಣಗಿರಲಿ ಅನ್ನುವುದು ಲೆಕ್ಕ. ಆ ಮೇಸ್ತ್ರಿಗಳ ಬುದ್ಧಿಯನ್ನು ನಾನು ಹಗುರವಾಗಿ ಕಾಣುವವನಲ್ಲ. ಅದು ರೇಡಿಯೇಟರಿಗೆ ಬೋರ್‌ವೆಲ್ ನೀರನ್ನೇ ಸುರಿಯುತ್ತಿದ್ದ ಕಾಲ. ರಾಮನಗರ, ಕನಕಪುರ, ಮಾಗಡಿ ಎಲ್ಲ ಬಂಡೆಯ ಸೀಮೆ. ಇಲ್ಲಿನ ಗಡಸು ನೀರು ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುವ ಹಾಗೆ ಎಂಜಿನ್ನಿನ ಒಳಗೂ ಕಟ್ಟುತ್ತಿತ್ತು. ಉಪ್ಪು ಹಿಡಿದ ವಾಲ್ವು ಒಂದು ದಿನ ಮುಚ್ಚಿದ್ದು ತೆರೆಯುತ್ತಲೇ ಇರಲಿಲ್ಲ. ಮುಚ್ಚಿಕೊಂಡ ವಾಲ್ವು ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ವಾಲ್ವೇ ಇಲ್ಲದಿದ್ದರೆ ಒಂದಿಷ್ಟು ಪೆಟ್ರೋಲ್ ಹೆಚ್ಚು ಹೋಗುತ್ತದೆ. ಎರಡರಲ್ಲಿ ಕಡಿಮೆ ನಷ್ಟದ್ದನ್ನು ಅವರು ಆರಿಸಿಕೊಂಡರು. ಕೈಯಲ್ಲಿ ಕಾಸಿಲ್ಲದ ಡ್ರೈವರನನ್ನು ಅವತ್ತೇ ಸಂಜೆಗೆ ಮನೆ ಮುಟ್ಟಿಸಿದ ಬುದ್ಧಿ ಅದು.

ಆದರೆ ಆ ಮಾತು ಈಗ ಹೈಬ್ರಿಡ್ ಕಾರುಗಳ ಬೆನ್ನಿಗೂ ಬಿದ್ದಿದೆ. ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬೇರೆ ಊರಿನಲ್ಲಾದರೆ ಹೇಗೋ, ನಮ್ಮ ಜಿಲ್ಲೆಯಲ್ಲಿ ಹಾಗಾಗಬಾರದು. ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕ್ವಾಲಿಸ್ ರಸ್ತೆಗಿಳಿದದ್ದು 2000ದಲ್ಲಿ. ಕ್ಯಾಮ್ರಿ ಹೈಬ್ರಿಡ್ಡನ್ನು 2013ರಿಂದ ಇಲ್ಲೇ ಜೋಡಿಸಿದರು. 2022ರಲ್ಲಿ ಹೈರೈಡರ್ ಬಂತು. ಮಾರುತಿಯ ಹೆಸರಿನಲ್ಲಿ ಮಾರುವ ಗ್ರ್ಯಾಂಡ್ ವಿಟಾರ ಕೂಡ ಇದೇ ಬಿಡದಿಯಲ್ಲಿ ತಯಾರಾಯಿತು. ಹಿಂದೆಯೇ ಇನ್ನೋವಾ ಹೈಕ್ರಾಸ್. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾದರೂ ತಟ್ಟೆ ಇಡ್ಲಿಯ ಬಿಡದಿ ದೇಶದ ಹೈಬ್ರಿಡ್ ಕಾರುಗಳ ತವರಾಗಿಯೇ ಉಳಿದಿದೆ. ಇಂಥ ಊರಿನ ಮನೆಯಂಗಳದಲ್ಲಿ ಈ ಕಾರಿನ ಬಾನೆಟ್ ಎತ್ತಲು ಜನ ಹೆದರುತ್ತಾರೆ ಅನ್ನುವುದು ನನಗೆ ಒಪ್ಪದ ಸಂಗತಿ.

ಹೆದರಿಕೆಯ ಕಾರಣ ಗೊತ್ತು. ಹೈಬ್ರಿಡ್ ಅಂದರೆ ಬ್ಯಾಟರಿ, ಬ್ಯಾಟರಿ ಅಂದರೆ ಕರೆಂಟು, ಕರೆಂಟು ಅಂದರೆ ಪ್ರಾಣ. ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳ ವಿಷಯದಲ್ಲಿ ಈ ಭಯ ಇರಲೇಬೇಕು. ಅವುಗಳಲ್ಲಿ ಹರಿಯುವುದು ನೂರಾರು ವೋಲ್ಟ್. ಆದರೆ ಆ ಬಾನೆಟ್ಟಿನ ಅರ್ಧ ಭಾಗದಲ್ಲಿ ಕೂತಿರುವುದು ನಮಗೆ ಹಳೇ ಪರಿಚಯದ ಪೆಟ್ರೋಲ್ ಎಂಜಿನ್. ಅದಕ್ಕೊಂದು ರೇಡಿಯೇಟರ್, ಒಂದು ಪಂಪು, ನಾಲ್ಕು ರಬ್ಬರ್ ಹೋಸು, ಒಂದು ಥರ್ಮೋಸ್ಟಾಟ್. ಥರ್ಮೋಸ್ಟಾಟ್ ಮಾಡುವುದು ಕೆರೆಯ ತೂಬಿನ ಕೆಲಸ. ಎಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡು ಕೂಲಂಟನ್ನು ಎಂಜಿನ್ನಿನೊಳಗೇ ಸುತ್ತಿಸುತ್ತದೆ; ಬೇಕಾದ ಬಿಸಿ ಬಂದ ಮೇಲೆ ತೆರೆದು ರೇಡಿಯೇಟರಿನ ಕಡೆಗೆ ದಾರಿ ಕೊಡುತ್ತದೆ.

ಇದನ್ನು ತೆರೆಯಲು ಕರೆಂಟೂ ಬೇಡ, ಕಂಪ್ಯೂಟರೂ ಬೇಡ. ಬೆರಳ ತುದಿಯಷ್ಟು ಗಾತ್ರದ ಲೋಹದ ಬಟ್ಟಲಿನಲ್ಲಿ ಮೇಣ ತುಂಬಿ ಮುಚ್ಚಿರುತ್ತಾರೆ. ಗೊತ್ತಾದ ಬಿಸಿಗೆ ಮೇಣ ಕರಗಿ ಹಿಗ್ಗುತ್ತದೆ, ಹಿಗ್ಗಿದ್ದು ಸಣ್ಣದೊಂದು ಕಡ್ಡಿಯನ್ನು ತಳ್ಳುತ್ತದೆ, ಸ್ಪ್ರಿಂಗನ್ನು ಅದುಮಿಕೊಂಡು ವಾಲ್ವು ತೆರೆಯುತ್ತದೆ. ತಣಿದರೆ ಮೇಣ ಮತ್ತೆ ಗಟ್ಟಿ, ಸ್ಪ್ರಿಂಗು ಬಾಗಿಲು ಮುಚ್ಚುತ್ತದೆ. 1930ರ ದಶಕದಲ್ಲಿ ಅಮೆರಿಕದ ಸರ್ಜಿಯಸ್ ವೆರ್ನೆ ಇದನ್ನು ಕಾರಿಗೆ ಒಗ್ಗಿಸಿದ. ಚನ್ನಪಟ್ಟಣದ ಕುಶಲಕರ್ಮಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದಲ್ಲ, ಅವನ ದಿನದ ಸಂಪಾದನೆಯೇ ಆ ಬಿಸಿಯ ಅಂದಾಜಿನ ಮೇಲೆ ನಿಂತಿದೆ. ಬಿಸಿ ಕಡಿಮೆಯಾದರೆ ಅರಗು ಹಿಡಿಯದು, ಮೀರಿದರೆ ಬಣ್ಣ ಕೆಡುತ್ತದೆ.

ಸಾಮಾನ್ಯ ಕಾರಿನಲ್ಲಿ ಈ ವಾಲ್ವು ತೆರೆದೇ ಸಿಕ್ಕಿಕೊಂಡರೆ ಮಾಲೀಕನಿಗೆ ತಿಳಿಯುವುದೇ ಕಷ್ಟ. ಹೈಬ್ರಿಡ್ಡಿನಲ್ಲಿ ಅದು ಕಾರಿನ ಗುಣವನ್ನೇ ಕೆಡಿಸುತ್ತದೆ. ಸಿಗ್ನಲ್ಲಿನಲ್ಲಿ, ಪೇಟೆಯ ಇಕ್ಕಟ್ಟಿನಲ್ಲಿ ಎಂಜಿನ್ ಆರಿಸಿ ಬ್ಯಾಟರಿಯಲ್ಲೇ ತೆವಳುವುದಕ್ಕೆ ತಾನೆ ಈ ಕಾರು ಕೊಂಡದ್ದು? ಹೈರೈಡರ್ ಹೈಬ್ರಿಡ್ಡಿಗೆ ಕಂಪನಿ ಹೇಳುವ ಲೀಟರಿಗೆ 27.97 ಕಿಲೋಮೀಟರಿನ ಗುಟ್ಟೂ ಬಹುಪಾಲು ಅಲ್ಲೇ ಇದೆ. ಆದರೆ ಎಂಜಿನ್ ಒಂದು ಮಟ್ಟಕ್ಕೆ ಬಿಸಿಯಾಗುವ ತನಕ ಕಂಪ್ಯೂಟರು ಅದನ್ನು ಆರಿಸಲು ಒಪ್ಪುವುದಿಲ್ಲ. ಆರಿದ ಎಂಜಿನ್ ತಣಿಯುತ್ತಾ ಹೋದರೆ ಬಿಸಿ ಮಾಡುವುದಕ್ಕೆಂದೇ ಮತ್ತೆ ಹೊತ್ತಿಸುತ್ತದೆ. ಅಂದರೆ ಆಗಾಗ ಆರುವ ಎಂಜಿನ್ನಿಗೆ ಇರುವ ಬಿಸಿಯನ್ನು ಕಾಪಾಡಿಕೊಳ್ಳುವ ಚಿಂತೆ ಬೇರೆಲ್ಲ ಎಂಜಿನ್ನಿಗಿಂತ ಹೆಚ್ಚು. ಎರಡನೇ ತಲೆಮಾರಿನ ಪ್ರಿಯಸ್ಸನ್ನು ಅಮೆರಿಕದಲ್ಲಿ ಮಾರುವಾಗ ಟೊಯೋಟದವರು ಅದಕ್ಕೊಂದು ದೊಡ್ಡ ಫ್ಲಾಸ್ಕನ್ನೇ ಕೂರಿಸಿದ್ದರು. ನಿನ್ನೆಯ ಬಿಸಿ ಕೂಲಂಟನ್ನು ಕಾದಿಟ್ಟುಕೊಂಡು ಬೆಳಿಗ್ಗೆ ಎಂಜಿನ್ನಿಗೆ ಉಣಿಸುವ ಏರ್ಪಾಟು ಅದು. ಬಿಸಿಗೆ ಅಷ್ಟು ಬೆಲೆ ಕೊಟ್ಟ ಯಂತ್ರದಿಂದ ಥರ್ಮೋಸ್ಟಾಟ್ ಕಿತ್ತುಹಾಕಿ ಅನ್ನುವುದು ಯಾವ ನ್ಯಾಯ?

ನಮ್ಮ ಮನೆಯ ಹೈಬ್ರಿಡ್ಡಿಗೆ ಹತ್ತು ವರ್ಷ ದಾಟಿದೆ. ಅದರಲ್ಲಿ ಈ ಕಾಯಿಲೆ ಗೊತ್ತಾದದ್ದು ರಾಮನಗರದ ಐಜೂರು ಸರ್ಕಲ್ಲಿನಲ್ಲಿ. ಮೊದಲೆಲ್ಲ ಅಲ್ಲಿ ನಿಂತ ಕೂಡಲೇ ಸದ್ದಡಗುತ್ತಿದ್ದ ಕಾರು ಗುರ್ರೆನ್ನುತ್ತಲೇ ನಿಲ್ಲತೊಡಗಿತು. ಎಕ್ಸ್‌ಪ್ರೆಸ್‌ವೇಯಲ್ಲಿ ಬಂದ ದಿನವಂತೂ ಹೆಚ್ಚು. ವೇಗದ ಗಾಳಿಗೆ ರೇಡಿಯೇಟರ್ ತಣಿದು, ತೆರೆದೇ ಇದ್ದ ವಾಲ್ವಿನಿಂದ ಎಂಜಿನ್ನೂ ತಣಿದಿರುತ್ತಿತ್ತು. ಡಿಸೆಂಬರಿನಲ್ಲಿ ಮಾಗಡಿಯ ಕಡೆ ಮುಂಜಾನೆ ಮಂಜು ಕವಿದಾಗ ಗಾಜು ತಿಳಿಯಾಗಲಿ ಅಂತ ಹೀಟರ್ ಹಾಕಿದರೆ ಬರೀ ಉಗುರುಬೆಚ್ಚಗಿನ ಗಾಳಿ. ನಮ್ಮ ಸೀಮೆಯಲ್ಲಿ ಹೀಟರಿನ ಗುಂಡಿ ಮುಟ್ಟುವವರೇ ಅಪರೂಪ, ಹಾಗಾಗಿ ಈ ಸುಳಿವು ಬಹಳ ಜನರಿಗೆ ಸಿಕ್ಕುವುದೇ ಇಲ್ಲ. ಫೋನಿಗೆ ಜೋಡಿಸುವ ಪುಟ್ಟ ಸ್ಕ್ಯಾನರ್ ಹಾಕಿದಾಗ ಪಿ0128 ಅನ್ನುವ ಕೋಡು ಸಿಕ್ಕಿತು. ಕೂಲಂಟು ಥರ್ಮೋಸ್ಟಾಟ್ ಕಾಯಬೇಕಾದ ಬಿಸಿಗೆ ಏರುತ್ತಿಲ್ಲ ಅನ್ನುವುದು ಅದರ ದೂರು.

ಹೊಸ ಥರ್ಮೋಸ್ಟಾಟ್ ಅಂಗೈಯಲ್ಲಿ ಹಿಡಿಯುವ ವಸ್ತು. ನಡುವೆ ಹಿತ್ತಾಳೆ ಬಣ್ಣದ ಮೇಣದ ಬಟ್ಟಲು, ಸುತ್ತ ಸ್ಪ್ರಿಂಗು, ಅಂಚಿಗೊಂದು ರಬ್ಬರ್ ಬಳೆ. ಅಂಚಿನ ಒಂದು ಕಡೆ ಸಣ್ಣ ರಂಧ್ರ, ಅದರಲ್ಲಿ ಅಲುಗಾಡುವ ಒಂದು ಗುಂಡು ಮೊಳೆ. ಗಾಳಿ ಹೊರಹೋಗುವ ದಾರಿ ಅದು, ಕೂರಿಸುವಾಗ ತಯಾರಕರು ಹೇಳಿದ ದಿಕ್ಕಿಗೇ ಇರಬೇಕು. ಲೋಹದ ಮೇಲೆ, ವಾಲ್ವು ತೆರೆಯತೊಡಗುವ ಡಿಗ್ರಿಯ ಗುರುತಾಗಿ, 82 ಅಂತ ಅಚ್ಚೊತ್ತಿತ್ತು.

ಜೋಡಿಸುವ ಮೊದಲು ಹೊಸದನ್ನೂ ಕುದಿಸಿ ನೋಡಬೇಕು ಅನ್ನುವುದು ನನ್ನ ಹಟ. ಹಿತ್ತಲಲ್ಲಿ ಒಲೆ ಹೂಡಿ, ಅಡುಗೆಗೆ ಇನ್ನೆಂದೂ ಬಳಸದ ಹಳೇ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ದಾರಕ್ಕೆ ಕಟ್ಟಿ ತಳ ಮುಟ್ಟದ ಹಾಗೆ ಇಳಿಬಿಟ್ಟೆವು. ಪಕ್ಕದ ಮನೆಯವರು ರೀಲರ್. ಗೂಡು ಬೇಯಿಸಿ ನೂಲು ತೆಗೆಯುವುದರಲ್ಲೇ ಕೂದಲು ನರೆತವರು. ಥರ್ಮಾಮೀಟರ್ ನನ್ನ ಕೈಯಲ್ಲಿತ್ತು, ಅವರು ನೀರನ್ನು ಬರಿಗಣ್ಣಲ್ಲಿ ನೋಡುತ್ತಿದ್ದರು. ತಳದಲ್ಲಿ ಸಣ್ಣ ಗುಳ್ಳೆ ಕಟ್ಟಿದಾಗ “ಇನ್ನೂ ಎಪ್ಪತ್ತು ಆಗಿಲ್ಲ” ಅಂದರು. ಗುಳ್ಳೆ ದಾರದ ಹಾಗೆ ಮೇಲೇಳತೊಡಗಿದಾಗ “ಈಗ ನೋಡ್ಕಳಿ” ಅಂದರು. ಥರ್ಮಾಮೀಟರಿನಲ್ಲಿ 81. ಇನ್ನೊಂದು ಗಳಿಗೆಯಲ್ಲಿ ವಾಲ್ವಿನ ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣಿಸಿತು. ನೀರು ಕಾಯುತ್ತಾ ಹೋದ ಹಾಗೆ ಗೆರೆ ಅಗಲವಾಗಿ, 95ರ ಹೊತ್ತಿಗೆ ಕಿರುಬೆರಳ ದಪ್ಪ ಬಾಯಿ ತೆರೆಯಿತು. ಆಚೆ ತೆಗೆದರೆ ತಣಿಯುತ್ತಾ ಮೆಲ್ಲಗೆ ಮುಚ್ಚಿಕೊಂಡಿತು.

ರೇಷ್ಮೆ ಸೀಮೆಯವರಿಗೆ ಈ ಕಣ್ಣಳತೆ ಸುಮ್ಮನೆ ಬಂದದ್ದಲ್ಲ. ಚಾಕಿ ಹುಳುವಿಗೆ, ಅಂದರೆ ಎಳೆಯ ರೇಷ್ಮೆಹುಳುವಿಗೆ, 27 ಡಿಗ್ರಿಯ ಆಸುಪಾಸು ಬೆಚ್ಚಗೆ, ತೇವವಾಗಿ ಇರಬೇಕು. ದೊಡ್ಡ ಹುಳುವಿಗೆ 24-25 ಸಾಕು, ಗಾಳಿ ಆಡಬೇಕು. ಚಳಿಗೆ ಹುಳುಮನೆಯಲ್ಲಿ ಕೆಂಡದ ಒಲೆ, ಬೇಸಿಗೆಗೆ ಕಿಟಕಿಗೆ ಒದ್ದೆ ಗೋಣಿ. ಹುಳು ಪೊರೆ ಬಿಡುವ ಜ್ವರಕ್ಕೆ ಕೂತಾಗ ಒಂದು ಎಚ್ಚರ, ಎದ್ದಾಗ ಇನ್ನೊಂದು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಮೇಲೂ ಬಿಸಿ ಏರುಪೇರಾದರೆ ಗೂಡು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಅದರ ಬೆಲೆಯೇ ಹೇಳಿಬಿಡುತ್ತದೆ. ಕನಕಪುರದ ಹಳ್ಳಿಗಳಲ್ಲಿ ಡಿಗ್ರಿಯ ಲೆಕ್ಕದಲ್ಲಿ ಬದುಕು ನಡೆಸಿದ ಹೆಣ್ಣುಮಕ್ಕಳು ಮನೆಮನೆಯಲ್ಲಿದ್ದಾರೆ. ಅವರ ಮಕ್ಕಳು ಮೊಮ್ಮಕ್ಕಳು ಈಗ ಬಿಡದಿಯ ಪಾಳಿಗೆ ಹೋಗುತ್ತಾರೆ. ಹಳ್ಳಿಯ ಹುಡುಗರನ್ನು ಜೊತೆಗಿಟ್ಟುಕೊಂಡು ಕೆಲಸ ಕಲಿಸುವ ಟೊಯೋಟ ತಾಂತ್ರಿಕ ತರಬೇತಿ ಸಂಸ್ಥೆ 2007ರಿಂದ ಅಲ್ಲೇ ನಡೆಯುತ್ತಿದೆ. ಈ ಎರಡು ತಿಳಿವಳಿಕೆಗಳು ಒಂದೇ ಮನೆಯಲ್ಲಿ ಕೂಡಿರುವುದು ಕರ್ನಾಟಕದಲ್ಲಿ ಇನ್ನೆಲ್ಲಿದೆ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇನ್ನು ಬದಲಿಸುವ ಕೆಲಸ. ಹೈಬ್ರಿಡ್ಡಿನ ಮೊದಲ ನಿಯಮ, ಕಾರು ಪೂರ್ತಿ ಆಫ್ ಆಗಿರಬೇಕು, ಕೀ ಮನೆಯೊಳಗೆ ದೂರ ಇರಬೇಕು. ಡ್ಯಾಶ್‌ಬೋರ್ಡಿನ ರೆಡಿ ದೀಪ ಹತ್ತಿಕೊಂಡಿದ್ದರೆ ಸದ್ದಿಲ್ಲದೆ ನಿಂತ ಎಂಜಿನ್ ಯಾವ ಗಳಿಗೆಯಲ್ಲಾದರೂ ತಾನಾಗಿ ಹೊತ್ತಿಕೊಳ್ಳಬಹುದು. ಆಗ ಕೈ ಎಲ್ಲಿರುತ್ತದೋ ಯಾರು ಬಲ್ಲರು. 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡುವುದು ಲೇಸು. ರಾತ್ರಿಯೆಲ್ಲ ತಣಿದ ಎಂಜಿನ್ನಿನ ಮೇಲೆ ಬೆಳಿಗ್ಗೆ ಕೆಲಸ ಹಿಡಿಯಬೇಕು, ಬಿಸಿ ರೇಡಿಯೇಟರಿನ ಮುಚ್ಚಳ ತೆಗೆದವರ ಮುಖ ಸುಟ್ಟ ಕಥೆ ಪ್ರತಿ ಗ್ಯಾರೇಜಿನಲ್ಲೂ ಇದೆ. ಕೆಳಗೆ ನುಗ್ಗುವುದಾದರೆ ಜಾಕನ್ನೊಂದೇ ನಂಬದೆ ಸ್ಟ್ಯಾಂಡ್ ಕೊಡಬೇಕು.

ಎರಡನೆಯದು, ಬಾನೆಟ್ಟಿನೊಳಗೆ ಕೂಲಂಟಿನ ತೊಟ್ಟಿ ಎರಡಿರುತ್ತವೆ. ಒಂದು ಎಂಜಿನ್ನಿನದು, ಇನ್ನೊಂದು ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಹೊಂದಿಸಿಕೊಡುವ ಇನ್ವರ್ಟರಿನದು. ಇನ್ವರ್ಟರಿನ ಸುತ್ತು ಬೇರೆ, ಅದರ ಪಂಪೇ ಬೇರೆ. ಈ ಕೆಲಸಕ್ಕೆ ಅದರ ತಂಟೆಗೇ ಹೋಗಬೇಕಿಲ್ಲ. ನಮ್ಮ ಕಾರಿನಲ್ಲಿ ರೇಡಿಯೇಟರಿನ ಅಡಿಯ ತಿರುಪು ಸಡಿಲಿಸಿ ಗುಲಾಬಿ ಬಣ್ಣದ ಕೂಲಂಟನ್ನು ಅಗಲ ಬೋಗುಣಿಗೆ ಇಳಿಸಿ, ಕೆಳಗಿನ ಹೋಸಿನ ಜಾಡು ಹಿಡಿದು ಹೋದರೆ ಅದು ಎಂಜಿನ್ ಸೇರುವಲ್ಲೇ ಥರ್ಮೋಸ್ಟಾಟಿನ ಮನೆ ಸಿಕ್ಕಿತು. 10 ಎಂಎಂ ಸ್ಪ್ಯಾನರಿನ ಕೆಲಸ. ಹಳೆಯದು ಹೊರಬಂದಾಗ ತಣ್ಣಗಿದ್ದರೂ ಅದರ ಬಾಯಿ ಉಗುರಿನಷ್ಟು ತೆರೆದೇ ಇತ್ತು. ಕೂರುವ ಜಾಗವನ್ನು ಬಟ್ಟೆಯಲ್ಲಿ ಒರೆಸಿ, ಹೊಸ ರಬ್ಬರ್ ಬಳೆಯ ಜೊತೆ ಹೊಸದನ್ನಿಟ್ಟು, ನಟ್ಟುಗಳನ್ನು ಹದವಾಗಿ ಬಿಗಿದರೆ ಆಯಿತು. ಅಲ್ಯೂಮಿನಿಯಮ್ ದೇಹಕ್ಕೆ ಜಟ್ಟಿಯ ಬಲ ಹಾಕಬಾರದು, ರಬ್ಬರಿಗೆ ಅಂಟು ಹಚ್ಚಬಾರದು.

ಕಷ್ಟದ ಭಾಗ ಇನ್ನು ಮುಂದೆ ಇರುವುದು. ತುಂಬಿಸಿದ ಕೂಲಂಟಿನಲ್ಲಿ ಗಾಳಿ ಉಳಿದರೆ ಹೊಸ ಥರ್ಮೋಸ್ಟಾಟೂ ಮೋಸಹೋಗುತ್ತದೆ. ಮೇಣದ ಬಟ್ಟಲಿಗೆ ನೀರು ತಾಗಬೇಕಾದಲ್ಲಿ ಗಾಳಿ ತಾಗುತ್ತದೆ. ಗಾಳಿ ತೆಗೆಯಲು ಎಂಜಿನ್ ಓಡುತ್ತಲೇ ಇರಬೇಕು, ಹೈಬ್ರಿಡ್ಡೋ ಸ್ವಲ್ಪ ಬಿಸಿಯಾದ ಕೂಡಲೇ ಆರಿಕೊಳ್ಳುತ್ತದೆ. ಇದಕ್ಕೆಂದೇ ಟೊಯೋಟ ಹೈಬ್ರಿಡ್ಡುಗಳಲ್ಲಿ ಸರ್ವಿಸಿನವರು ಬಳಸುವ ಮೇಂಟೆನೆನ್ಸ್ ಮೋಡ್ ಇದೆ. ಗೇರನ್ನು ಪಾರ್ಕಿನಲ್ಲಿ, ನ್ಯೂಟ್ರಲ್ಲಿನಲ್ಲಿ, ಮತ್ತೆ ಪಾರ್ಕಿನಲ್ಲಿ ಇಟ್ಟು, ಗೊತ್ತಾದ ಕ್ರಮದಲ್ಲಿ ಆಕ್ಸಿಲರೇಟರ್ ತುಳಿದರೆ ಎಂಜಿನ್ ಆರದೆ ಓಡುತ್ತದೆ. ಕ್ರಮ ಆಯಾ ಕಾರಿನ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಗುಳ್ಳೆ ನಿಲ್ಲುವ ತನಕ ತಾಳ್ಮೆಯಿಂದ ತುಂಬಿಸುತ್ತಾ ಇರಬೇಕು. ಇಲ್ಲಿ ಅವಸರ ಮಾಡಿದವರೇ ಆಮೇಲೆ ಪಾರ್ಟು ಸರಿಯಿಲ್ಲ ಅನ್ನುವುದು. ಕೂಲಂಟ್ ಮಾತ್ರ ತಯಾರಕರು ಹೇಳಿದ್ದೇ ಆಗಬೇಕು, ಬೋರ್‌ವೆಲ್ ನೀರು ಕನಸಿನಲ್ಲೂ ಬೇಡ. ಟೊಯೋಟದ ಗುಲಾಬಿ ಕೂಲಂಟು ಮೊದಲ ಸಲ 1,60,000 ಕಿಲೋಮೀಟರ್ ಬಾಳುತ್ತದೆ, ಆಮೇಲೆ 80,000ಕ್ಕೊಮ್ಮೆ ಬದಲಿಸಬೇಕು. ಇಷ್ಟು ಬಾಳುವ ದ್ರವಕ್ಕೆ ಚೊಂಬು ನೀರು ಬೆರೆಸಿ ಕೆಡಿಸುವುದು ಯಾಕೆ?

ಬೋಗುಣಿಯಲ್ಲಿ ಉಳಿದ ಹಳೇ ಕೂಲಂಟಿನ ವಿಷಯವಾಗಿ ನಾನು ಕಂಡವರಿಗೆಲ್ಲ ಕೂಗಿ ಹೇಳುತ್ತೇನೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ನಾಯಿ ನೆಕ್ಕುತ್ತದೆ, ಕರು ಕುಡಿಯುತ್ತದೆ, ಮೂತ್ರಪಿಂಡ ಹೋಗಿ ಸಾಯುತ್ತವೆ. ಚರಂಡಿಗೆ ಚೆಲ್ಲಿದರೆ ಅದು ಹೋಗಿ ಸೇರುವುದು ಅರ್ಕಾವತಿಗೆ. ಆ ನದಿ ಈಗಾಗಲೇ ಪಟ್ಟಿರುವ ಪಾಡು ಸಾಕು. ಮುಚ್ಚಳವಿರುವ ಕ್ಯಾನಿಗೆ ತುಂಬಿ, ಹಳೇ ಆಯಿಲ್ ಕೂಡಿಡುವ ಗ್ಯಾರೇಜಿಗೆ ಕೊಟ್ಟುಬನ್ನಿ.

ಈ ಕೆಲಸ ನೋಡಿಹೋದ ಮೇಲೆ ಕನಕಪುರದ ನೆಂಟರೊಬ್ಬರು ತಮ್ಮ ಹೊಸ ಹೈರೈಡರಿನ ಬಾನೆಟ್ ಬಿಚ್ಚಲು ತಯಾರಾಗಿದ್ದರು. ಬೇಡ ಅಂದೆ. ಕಾರಿಗೆ 3 ವರ್ಷ, ಹೈಬ್ರಿಡ್ ಬ್ಯಾಟರಿಗೆ 8 ವರ್ಷದ ವಾರಂಟಿ ಕೊಟ್ಟಿರುವಾಗ ಆ ಕೆಲಸ ಕೊಟ್ಟವರದೇ. ನೀವು ಈಗ ಮಾಡಬೇಕಾದ್ದು ಇಷ್ಟೇ ಅಂತ ಹೇಳಿದೆ: ಭಾನುವಾರ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ, ಎರಡೂ ತೊಟ್ಟಿಗಳಲ್ಲಿ ಕೂಲಂಟು ಎರಡು ಗೆರೆಯ ನಡುವೆ ಇದೆಯೇ ನೋಡಿ. ಪೇಟೆಯಲ್ಲಿ ನಿಂತಾಗ ಎಂಜಿನ್ ಎಷ್ಟು ಬೇಗ ಆರುತ್ತದೆ ಅನ್ನುವುದನ್ನು ಈಗಲೇ ಗಮನದಲ್ಲಿಟ್ಟುಕೊಳ್ಳಿ. ಮುಂದೆ ಅದು ತಡವಾದರೆ ಎಲ್ಲಕ್ಕಿಂತ ಮೊದಲು ನಿಮಗೇ ಗೊತ್ತಾಗುತ್ತದೆ.