ಅಪ್ಪ ಕೂರಿಸಿದ ಪರೀಕ್ಷೆ

ಮಗ ಮನೆಯಲ್ಲಿ ತಟ್ಟೆ, ಡಬ್ಬ ಬಾರಿಸತೊಡಗಿದರೆ 'ಸಾಕು, ಓದಿಕೋ ಹೋಗು' ಎನ್ನುವ ಅಪ್ಪಂದಿರೇ ಹೆಚ್ಚು. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಆರ್ನೆಟ್ ಕೋಲ್ಮನ್ ಮಾತ್ರ 1966ರ ಸೆಪ್ಟೆಂಬರಿನಲ್ಲಿ ತಮ್ಮ ಹತ್ತು ವರ್ಷದ ಮಗ ಡೆನಾರ್ಡೊನನ್ನು ನ್ಯೂಜೆರ್ಸಿಯ ಸ್ಟುಡಿಯೋಗೆ ಕರೆದೊಯ್ದು ಡ್ರಮ್ಸ್ ಮುಂದೆ ಕೂರಿಸಿದರು. ಅಪ್ಪ, ಮಗ, ಜೊತೆಗೆ ಬಾಸ್ ನುಡಿಸುವ ಚಾರ್ಲಿ ಹೇಡನ್, ವಾದ್ಯಗೋಷ್ಠಿ ಇಷ್ಟೇ. ಬ್ಲೂ ನೋಟ್ ಕಂಪನಿ ಹೊರತಂದ ಆ ಧ್ವನಿಮುದ್ರಿಕೆಯ ಹೆಸರು 'ದಿ ಎಂಪ್ಟಿ ಫಾಕ್ಸ್‌ಹೋಲ್'. ರಣರಂಗದಲ್ಲಿ ಸೈನಿಕ ಅಡಗಿ ಕೂರುವ ಗುಂಡಿ, ಅದೂ ಬರಿದಾದದ್ದು.

ಜಾಸ್ ಸಂಗೀತದಲ್ಲಿ ವಾದಕ ತನ್ನ ಮನೋಧರ್ಮಕ್ಕೆ ತಕ್ಕಂತೆ ಸ್ವರ ಬೆಳೆಸುತ್ತಾನೆ. ಆದರೆ ಕೆಳಗೆ ಗೊತ್ತಾದ ಸ್ವರಗುಚ್ಛಗಳ ಕ್ರಮ, ಲೆಕ್ಕದ ತಾಳ ಇರುತ್ತವೆ. ಕೋಲ್ಮನ್ 1950ರ ದಶಕದ ಕೊನೆಯಲ್ಲೇ ಆ ಕಟ್ಟನ್ನು ಸಡಿಲಿಸಿದ್ದರು. ಅದಕ್ಕೇ 'ಫ್ರೀ ಜಾಸ್' ಎಂಬ ಹೆಸರು ಬಂದದ್ದು. ಸ್ವಚ್ಛಂದವೆಂದ ಮೇಲೆ ಯಾರು ಬೇಕಾದರೂ ನುಡಿಸಬಹುದೇ?

ಕೂಡದು ಎಂದರು ಹಲವರು. ಹೆಸರಾಂತ ಡ್ರಮ್ಸ್ ವಾದಕ ಶೆಲ್ಲಿ ಮ್ಯಾನ್ ಛೀಮಾರಿಯನ್ನೇ ಹಾಕಿದರು. ಟ್ರಂಪೆಟ್ ವಾದಕ ಫ್ರೆಡ್ಡಿ ಹಬರ್ಡ್ ಅವರಿಗೆ ಯಾವುದೋ ಮಗು ಆಟವಾಡಿದಂತೆ ಕೇಳಿಸಿತು. ಇವರನ್ನು ಹಳೆಯ ಕಾಲದವರೆಂದು ತಳ್ಳಿಹಾಕುವಂತಿಲ್ಲ. ಮ್ಯಾನ್ 1959ರಲ್ಲಿ, ಹಬರ್ಡ್ 1960ರಲ್ಲಿ ಕೋಲ್ಮನ್ ಅವರ ಜೊತೆಗೇ ಕೂತು ನುಡಿಸಿದವರು!

ಅವರ ಕಿವಿ ಸುಳ್ಳು ಹೇಳಲಿಲ್ಲ. ಹುಡುಗನ ಪೆಟ್ಟು ಒಂದೊಂದು ಕಡೆ ಒಂದೊಂದು ತೂಕ, ಲಯ ಜಾರುತ್ತದೆ. ಜಾರಿದಲ್ಲೆಲ್ಲ ಹೇಡನ್ ಅವರ ಬಾಸ್ ಆಸರೆ. ಆದರೂ ಹುಡುಗ ಹೆದರಿ ಕೈಬಿಡುವುದಿಲ್ಲ, ಅಪ್ಪನ ಸ್ವರಕ್ಕೆ ತನಗೆ ತೋಚಿದ ಉತ್ತರ ಕೊಡುತ್ತಾನೆ. ಕಲಿತ ಅಭ್ಯಾಸಗಳಿಲ್ಲದ ಈ ಕೈಯೇ ಕೋಲ್ಮನ್ ಅವರಿಗೆ ಬೇಕಾಗಿತ್ತು. ಇನ್ನೊಂದು ಮಾತು: ಈ ಮುದ್ರಿಕೆಯಲ್ಲಿ ಅವರು ಟ್ರಂಪೆಟ್, ಪಿಟೀಲುಗಳನ್ನೂ ನುಡಿಸಿದ್ದಾರೆ. ಎರಡೂ ಗುರುವಿಲ್ಲದೆ ತಾವೇ ಕಲಿತದ್ದು. ಅಂದರೆ ಆ ಸ್ಟುಡಿಯೋದಲ್ಲಿ ಅಪ್ಪನೂ ಅರ್ಧ ವಿದ್ಯಾರ್ಥಿಯೇ.

ಹಾಗಿದ್ದೂ ಪರೀಕ್ಷೆಗೆ ಕೂತವನು ಹುಡುಗ, ಕೂರಿಸಿದವರು ಅಪ್ಪ. ಬೈಗುಳದಲ್ಲಿ ದೊಡ್ಡ ಪಾಲು ಬಂದದ್ದು ಮಾತ್ರ ಹುಡುಗನಿಗೆ. ಇದು ಅಷ್ಟು ಸರಿಯೆನಿಸುವುದಿಲ್ಲ.

ಡೆನಾರ್ಡೊ ಕೋಲು ಕೆಳಗಿಡಲಿಲ್ಲ. 1968ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಮತ್ತೆ ಅಪ್ಪನೊಡನೆ ನುಡಿಸಿದ. ಮುಂದೆ ಅವರ ವ್ಯವಹಾರವನ್ನೂ ನೋಡಿಕೊಂಡ. 2005ರಲ್ಲಿ ಜರ್ಮನಿಯ ಕಛೇರಿಯೊಂದರಲ್ಲಿ ಮುದ್ರಿಸಿದ ಕೋಲ್ಮನ್ ಅವರ 'ಸೌಂಡ್ ಗ್ರಾಮರ್'ಗೆ 2007ರ ಪುಲಿಟ್ಜರ್ ಪ್ರಶಸ್ತಿ ಬಂತು. ಅಲ್ಲಿ ಡ್ರಮ್ಸ್ ನುಡಿಸಿದ್ದು ನಲವತ್ತೊಂಬತ್ತರ ಡೆನಾರ್ಡೊ. ಅದರಿಂದ 1966ರ ಮುದ್ರಿಕೆಯ ಲಯವೇನೂ ನೆಟ್ಟಗಾಗಲಿಲ್ಲ. ಅದನ್ನು ಕೇಳಿದವರಲ್ಲಿ ಇಂದಿಗೂ ಎರಡು ಪಂಗಡ.